ಕಾಣದ ಸೂತ್ರ

ದೂರದಲ್ಲಿ ನಿಂತು ಒಂದು ವಸ್ತುವನ್ನು ತನ್ನ ಇಚ್ಛೆಯಂತೆ ನಡೆಯಿಸಬೇಕೆಂಬ ಆಸೆಯು ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ಗೊಂಬೆಯಾಟದ ಸೂತ್ರಧಾರನು ಮರೆಯಲ್ಲಿ ನಿಂತು ಬೆರಳನ್ನು ಮಿಸುಕಿಸಿದರೆ ರಂಗದ ಮೇಲೆ ರಾವಣನ ತೋಳು ಏಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರವನ್ನಾಳಿದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ವೆಂಬ ವಾಸ್ತುಗ್ರಂಥದಲ್ಲಿ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವುಂಟು. ಮರದ ಹಕ್ಕಿ, ತಾನಾಗಿ ಚಲಿಸುವ ಗೊಂಬೆ ಮುಂತಾದ ಅದ್ಭುತಗಳ ಪ್ರಸ್ತಾಪ ಅದರಲ್ಲಿ ಬರುತ್ತದೆ. ಆದರೆ ಅವುಗಳನ್ನು ಕಟ್ಟುವ ಕ್ರಮವನ್ನು ಗ್ರಂಥಕಾರನು ಪೂರ್ತಿಯಾಗಿ ಬಿಡಿಸಿ ಹೇಳಿಲ್ಲ. ಹಾಗೆ ಹೇಳದಿದ್ದುದು ಅಜ್ಞಾನದಿಂದಲ್ಲ, ವಿದ್ಯೆಯು ಗೋಪ್ಯವಾಗಿರಲೆಂದು ಎಂಬುದನ್ನು ತಾನೇ ತಿಳಿಸಿದ್ದಾನೆ.

ಆ ಗೋಪ್ಯವು ಈಗ ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು, ಚಿತ್ರಸಹಿತವಾದ ವಿವರಣೆಯ ಪುಸ್ತಕದೊಡನೆ ಮನೆಯ ಬಾಗಿಲಿಗೇ ಬರುತ್ತದೆ. ಹಾಗೆ ಬಂದ ಒಂದು ಪೆಟ್ಟಿಗೆಯಿಂದ ಜಕ್ಕೂರಿನ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ಸಂಗತಿಯೇನೋ ಚಿಕ್ಕದು, ಆದರೆ ಮಕ್ಕಳಿರುವ ಮನೆಗಳಲ್ಲಿ ಅದರ ಪ್ರಯೋಜನ ಕಡಮೆಯಲ್ಲ.

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿ ಯಲಹಂಕದ ಕಡೆಗೆ ಹೋಗುವವರಿಗೆ ಬಲಗಡೆಯಲ್ಲಿ ಜಕ್ಕೂರಿನ ವಿಮಾನಾಂಗಣವು ಸಿಕ್ಕುತ್ತದೆ. 1940ರ ದಶಕದ ಕೊನೆಯಲ್ಲಿ ಇಲ್ಲಿ ಸರ್ಕಾರದ ವಿಮಾನ ಚಾಲನಾ ಶಾಲೆಯು ಹುಟ್ಟಿತು. ಊರಿನ ಕೆರೆಯು ಸುಮಾರು 160 ಎಕರೆಯಷ್ಟು ವಿಸ್ತಾರವಾದುದು. ಶುದ್ಧಿಮಾಡಿದ ಕೊಳಚೆ ನೀರು ಜೊಂಡು ಬೆಳೆದ ಜೌಗುಭೂಮಿಯ ಮೂಲಕ ಹರಿದು ಬಂದು ಅದನ್ನು ತುಂಬುತ್ತದೆ. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಈ ಊರಿನಲ್ಲಿಯೇ ಇದೆ. ಇಂತಹ ಊರಿನಲ್ಲಿ ಬೆಳೆಯುವ ಹುಡುಗನ ಕಣ್ಣು ಪುಸ್ತಕಕ್ಕಿಂತ ಹೆಚ್ಚಾಗಿ ಆಕಾಶದ ಕಡೆಗೆ ಓಡಿದರೆ ಅವನನ್ನು ಆಕ್ಷೇಪಿಸುವಂತಿಲ್ಲ.

ಆ ಮನೆಯ ಹುಡುಗನಿಗೆ ಹನ್ನೆರಡು ವರ್ಷ. ತಾಯಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ತಂದೆ ಮಸ್ಕತ್ತಿನಲ್ಲಿ ಇಂಜಿನಿಯರು. ವರ್ಷಕ್ಕೊಮ್ಮೆ ಹದಿನೈದು ದಿನ ಮಾತ್ರ ಊರಿಗೆ ಬರುವವರು. ಮನೆಯ ಹಿರಿಯರಾದ ತಾತನಿಗೆ ಎಪ್ಪತ್ತೆರಡು. ಅವರು ಜಾಲಹಳ್ಳಿಯ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೈಗಡಿಯಾರಗಳನ್ನು ಜೋಡಿಸಿದವರು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಆರಂಭವಾದ ಆ ಉದ್ಯಮವನ್ನು ಮುಚ್ಚುವ ನಿರ್ಧಾರವು 2016ರಲ್ಲಿ ಆಯಿತು. ತಾತನ ಕಣ್ಣಿಗೆ ಒತ್ತಿಕೊಳ್ಳುವ ಭೂತಗನ್ನಡಿ, ಚಿಮಟ, ಕೂದಲಿನಂತಹ ಕುಂಚ ಇವೆಲ್ಲ ಈಗಲೂ ಒಂದು ತಗಡಿನ ಡಬ್ಬಿಯಲ್ಲಿ ಇವೆ. ಆದರೆ ಕೈ ನಡುಗುತ್ತದೆ. ಒಂದು ಕಾಲದಲ್ಲಿ ಸಾಸಿವೆಗಿಂತ ಸಣ್ಣ ತಿರುಪನ್ನು ಹಿಡಿಯುತ್ತಿದ್ದ ಬೆರಳುಗಳು ಈಗ ಕಾಫಿಯ ಲೋಟವನ್ನು ಹಿಡಿಯುವುದಕ್ಕೂ ಎರಡನೆಯ ಕೈಯ ಸಹಾಯವನ್ನು ಬೇಡುತ್ತವೆ.

ಹುಡುಗನು ಮೊದಲು ಬೇಡಿದುದು ವಿಮಾನವನ್ನು. ರೇಡಿಯೋ ಅಲೆಯಿಂದ ನಡೆಯುವ, ಒಂದು ಮೊಳದ ವಿಮಾನ. ತಾತನು ವಿಚಾರಿಸಿದಾಗ ವಿಷಯ ತಿಳಿಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ಮಾನವರಹಿತ ವಿಮಾನಗಳಿಗಾಗಿ ದೇಶದ ಆಕಾಶವನ್ನು ಹಸುರು, ಹಳದಿ, ಕೆಂಪು ಎಂದು ವಿಭಾಗಿಸಿದ್ದಾರೆ. ವಿಮಾನಾಂಗಣದ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ. ಮನೆಯ ತಾರಸಿಯ ಮೇಲೆ ನಿಂತರೆ ಚಾಲನೆ ಕಲಿಯುವವರ ವಿಮಾನದ ಹೊಟ್ಟೆ ಕಾಣುವಷ್ಟು ಹತ್ತಿರ ಇರುವವರಿಗೆ ಆ ಮಾತನ್ನು ಎರಡು ಸಲ ಹೇಳಬೇಕಾಗಿಲ್ಲ. ಹುಡುಗನು ಎರಡು ದಿನ ಮೌನವಾಗಿದ್ದು, ಮೂರನೆಯ ದಿನ, “ತಾತ, ಹಾಗಾದರೆ ನೆಲದ ಮೇಲೆ ಓಡೋದು?” ಎಂದನು. ತಾತನು ತಮ್ಮ ಉಳಿತಾಯದ ಹಣದಿಂದ ಒಂದು ಕಾರನ್ನು ತರಿಸಿದರು. ನಿಜವಾದ ಕಾರಿನ ಹತ್ತನೆಯ ಒಂದರಷ್ಟು ಅಳತೆಯದು. ಬಿಡಿ ಬಿಡಿ ಭಾಗಗಳಾಗಿ ಬಂದುದು. ಕಟ್ಟಿಕೊಂಡವರಿಗೆ ಕಾರು, ಕಟ್ಟಲಾರದವರಿಗೆ ಒಂದು ಪೆಟ್ಟಿಗೆ ಪ್ಲಾಸ್ಟಿಕ್ಕು.

ಅದನ್ನು ಕಟ್ಟುವುದಕ್ಕೆ ಒಂಬತ್ತು ಸಂಜೆ ಹಿಡಿಯಿತು. ತಾತನ ಕೈಗೆ ಸಾಧ್ಯವಿಲ್ಲದುದರಿಂದ ಕೆಲಸವೆಲ್ಲ ಹುಡುಗನದು. ಆಜ್ಞೆ ಮಾತ್ರ ತಾತನದು. ನಡುಮನೆಯಲ್ಲಿ ಚಾಪೆ ಹಾಸಿ, ಬಿದ್ದ ತಿರುಪು ಉರುಳಿಹೋಗದಂತೆ ಬಿಳಿಯ ಪಂಚೆಯನ್ನು ಹರಡಿ, ಇಬ್ಬರೂ ಎದುರುಬದುರಾಗಿ ಕುಳಿತರು. ಗಡಿಯಾರದ ವಿದ್ಯೆಯು ಇಲ್ಲಿ ಅನೇಕ ಕಡೆ ಉಪಯೋಗಕ್ಕೆ ಬಂದಿತು. ಪ್ಲಾಸ್ಟಿಕ್ಕಿನಲ್ಲಿ ಕೂರುವ ತಿರುಪನ್ನು ಬಿಗಿಯಾದ ಕೂಡಲೆ ನಿಲ್ಲಿಸಬೇಕು. ಇನ್ನೊಂದು ಕಾಲು ಸುತ್ತು ಆಸೆಪಟ್ಟರೆ ಹಿಡಿತವೇ ಕೆಟ್ಟುಹೋಗುತ್ತದೆ. ಮೋಟಾರಿನ ಸಣ್ಣ ಹಲ್ಲುಚಕ್ರವು ದೊಡ್ಡ ಹಲ್ಲುಚಕ್ರದೊಡನೆ ಕೂಡುವಾಗ ನಡುವೆ ಒಂದು ಕಾಗದದ ಪಟ್ಟಿಯನ್ನಿಟ್ಟು ಬಿಗಿದು, ಆಮೇಲೆ ಚಕ್ರವನ್ನು ತಿರುಗಿಸಿ ಕಾಗದವನ್ನು ಹೊರಕ್ಕೆ ಬಿಡಬೇಕು. ಆ ಕಾಗದದ ದಪ್ಪದಷ್ಟು ಸಡಿಲವಿದ್ದರೆ ಹಲ್ಲುಗಳು ಬಾಳುತ್ತವೆ. ಸಡಿಲವೇ ಇಲ್ಲದಿದ್ದರೆ ಒಂದನ್ನೊಂದು ತಿನ್ನುತ್ತವೆ. “ಗಡಿಯಾರದಲ್ಲೂ ಹೀಗೆಯೇ ಮಗು, ಉಸಿರಾಡುವಷ್ಟು ಜಾಗ ಬಿಡಬೇಕು” ಎಂದರು ತಾತ.

ಹಿಂದಿನ ಎರಡು ಚಕ್ರಗಳ ನಡುವೆ ಕೂರುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪು ಯಾತಕ್ಕೆಂದು ಹುಡುಗನಿಗೆ ತಿಳಿಯಲಿಲ್ಲ. ತಾತನು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೈ ಹಿಡಿದುಕೊಂಡು ತುಳಸೀಕಟ್ಟೆಯನ್ನು ಪ್ರದಕ್ಷಿಣೆ ಮಾಡಿಸಿದರು. ಕಟ್ಟೆಯ ಮಗ್ಗುಲಲ್ಲಿದ್ದ ತಾತನು ಮೆಲ್ಲಗೆ ನಡೆದರೂ ಹೊರಗಡೆಯಿದ್ದ ಹುಡುಗನು ಓಡಬೇಕಾಯಿತು. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ದಾರಿ ಹೆಚ್ಚು, ಒಳಗಿನದಕ್ಕೆ ಕಡಮೆ. ಎರಡಕ್ಕೂ ಒಂದೇ ವೇಗವನ್ನು ಹೇರಿದರೆ ಯಾವುದಾದರೊಂದು ನೆಲವನ್ನು ಉಜ್ಜಿಕೊಂಡು ಜಾರಬೇಕು. ಮೋಟಾರು ಒಂದೇ ಆದರೂ ಎರಡು ಚಕ್ರಗಳು ತಮ್ಮ ತಮ್ಮ ದಾರಿಗೆ ತಕ್ಕಂತೆ ತಿರುಗುವ ಹಾಗೆ ಮಾಡುವುದೇ ಆ ಹಲ್ಲುಚಕ್ರಗಳ ಕೆಲಸ.

ಐದನೆಯ ಸಂಜೆ ಮೊದಲನೆಯ ತಪ್ಪು ಆಯಿತು. ಮುಂದಿನ ಚಕ್ರಗಳನ್ನು ಹೊರಳಿಸುವ ಕೀಲುಗಳು ಎಡಕ್ಕೊಂದು, ಬಲಕ್ಕೊಂದು. ಕನ್ನಡಿಯ ಪ್ರತಿಬಿಂಬಗಳಂತೆ ಇರುವುವು. ತಾತನು “ಇದು ಎಡಕ್ಕೆ, ಅದು ಬಲಕ್ಕೆ” ಎಂದರು. ಹುಡುಗನು ಹೇಳಿದಂತೆಯೇ ಮಾಡಿದನು. ಎರಡನ್ನೂ ಕೂಡಿಸುವ ಕಡ್ಡಿಯು ಮಾತ್ರ ಎಷ್ಟು ಎಳೆದರೂ ಹೊಂದಲಿಲ್ಲ. ಒಂದು ಗಂಟೆ ಕಷ್ಟಪಟ್ಟ ಮೇಲೆ ಪುಸ್ತಕವನ್ನು ಮತ್ತೆ ನೋಡಿದರು. ಎಡ ಬಲಗಳೆಂದರೆ ಕಾರಿನೊಳಗೆ ಚಾಲಕನ ಸ್ಥಾನದಲ್ಲಿ ಕುಳಿತವನ ಎಡ ಬಲಗಳೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಿತು. ತಾತನು ಹೇಳಿದುದು ಕಾರಿನ ಮೂತಿಯ ಎದುರಿಗೆ ಕುಳಿತ ತಮ್ಮ ಎಡವನ್ನು! ಇಬ್ಬರೂ ನಕ್ಕು, ಕೀಲುಗಳನ್ನು ಬಿಚ್ಚಿ ಅದಲುಬದಲು ಮಾಡಿದರು. ತಾತನು ತಮ್ಮ ಮಣೆಯನ್ನೆತ್ತಿಕೊಂಡು ಬಂದು ಹುಡುಗನ ಪಕ್ಕದಲ್ಲಿಯೇ ಹಾಕಿಕೊಂಡರು.

ರೇಡಿಯೋ ಭಾಗವನ್ನು ಕೂಡಿಸುವಾಗ ಹುಡುಗನ ಪ್ರಶ್ನೆಗಳಿಗೆ ಮಿತಿಯಿರಲಿಲ್ಲ. ತಂತಿಯಿಲ್ಲದೆ ಆಜ್ಞೆ ಹೋಗುವುದು ಹೇಗೆ? ಈ ವಿದ್ಯೆಯ ಚರಿತ್ರೆಯು ಹಿರಿದಾದುದು. 1895ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪುರಭವನದಲ್ಲಿ, ಕಣ್ಣಿಗೆ ಕಾಣದ ವಿದ್ಯುದಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದನ್ನು ಹೊತ್ತಿಸಿ ತೋರಿಸಿದರು. ಮೂರು ವರ್ಷಗಳ ತರುವಾಯ, 1898ರಲ್ಲಿ, ನಿಕೋಲ ಟೆಸ್ಲನು ನ್ಯೂಯಾರ್ಕಿನಲ್ಲಿ ಒಂದು ಚಿಕ್ಕ ದೋಣಿಯನ್ನು ಕೊಳದಲ್ಲಿ ಬಿಟ್ಟು, ಮುಟ್ಟದೆ ಅದನ್ನು ತಿರುಗಿಸಿದನು. ಆಟದ ಕಾರಿಗೆ ಈ ವಿದ್ಯೆಯು ಇಳಿದುದು ಬಹಳ ಕಾಲದ ಮೇಲೆ. ಮರ ಕೊಯ್ಯುವ ಉದ್ಯಮವಾಗಿ ಹುಟ್ಟಿ ಬಳಿಕ ಆಟದ ಮಾದರಿಗಳಿಗೆ ತಿರುಗಿದ, ಜಪಾನಿನ ಶಿಜುವೋಕದ ತಮಿಯಾ ಸಂಸ್ಥೆಯು 1976ರಲ್ಲಿ ತನ್ನ ಮೊದಲ ರೇಡಿಯೋ ಕಾರನ್ನು ಹೊರತಂದಿತು. ಕೈಯಾರೆ ಕಟ್ಟಿ ಓಡಿಸುವ ಈ ಹವ್ಯಾಸವನ್ನು ಲೋಕದಲ್ಲೆಲ್ಲ ಹಬ್ಬಿಸಿದವರಲ್ಲಿ ಆ ಸಂಸ್ಥೆಯವರು ಮುಖ್ಯರು.

ಕೆಲಸದ ರೀತಿ ಸರಳವಾದುದೇ. ಕೈಯಲ್ಲಿ ಹಿಡಿಯುವ ಪ್ರೇಷಕದಲ್ಲಿ ಒಂದು ಪುಟ್ಟ ಚಕ್ರವೂ ಬಂದೂಕಿನ ಕುದುರೆಯಂತಹ ಒಂದು ಕೀಲೂ ಇರುತ್ತವೆ. ಚಕ್ರವು ದಿಕ್ಕಿಗೆ, ಕುದುರೆಯು ವೇಗಕ್ಕೆ. ಅದರಿಂದ ಹೊರಡುವ ಅಲೆಯು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತದೆ. ಕಾರಿನಲ್ಲಿರುವ ಗ್ರಾಹಕವು ಅದನ್ನು ಹಿಡಿದು, ಸರ್ವೋ ಎಂಬ ಪೆಟ್ಟಿಗೆಗೆ ಸೆಕೆಂಡಿಗೆ ಐವತ್ತು ಸಲ ಒಂದು ಸಣ್ಣ ವಿದ್ಯುತ್ ತುಡಿತವನ್ನು ಕಳುಹಿಸುತ್ತದೆ. ತುಡಿತವು ಸೆಕೆಂಡಿನ ಸಾವಿರದ ಒಂದೂವರೆ ಭಾಗದಷ್ಟಿದ್ದರೆ ‘ನೇರ’. ಒಂದು ಭಾಗಕ್ಕೆ ಇಳಿದರೆ ಒಂದು ಪಕ್ಕ, ಎರಡಕ್ಕೆ ಏರಿದರೆ ಇನ್ನೊಂದು ಪಕ್ಕ. ಸರ್ವೋವಿನೊಳಗೆ ಒಂದು ಮೋಟಾರೂ ಕೆಲವು ಹಲ್ಲುಚಕ್ರಗಳೂ ಇವೆ. ಅದು ಬಂದ ಆಜ್ಞೆಯನ್ನೂ ತಾನು ಇರುವ ಸ್ಥಿತಿಯನ್ನೂ ಹೋಲಿಸಿ ನೋಡಿ, ಎರಡೂ ಸರಿಹೋಗುವವರೆಗೆ ತಿರುಗಿ ನಿಲ್ಲುತ್ತದೆ. ಆದರೆ ಇಂತಹ ಸಾಧಾರಣ ಕಾರಿನಲ್ಲಿ ಮಾತೆಲ್ಲ ಒಮ್ಮುಖವಾದುದು. ಪ್ರೇಷಕವು ಹೇಳುತ್ತದೆ, ಕಾರು ಕೇಳುತ್ತದೆ. ಕಾರು ತನ್ನ ಕಡೆಯಿಂದ ಏನನ್ನೂ ಹೇಳಲಾರದು. ಅದರ ಸುಖದುಃಖವನ್ನು ಓಡಿಸುವವನು ಕಣ್ಣಿನಿಂದಲೇ ಅರಿಯಬೇಕು.

ಪುಸ್ತಕದಲ್ಲಿ ಇನ್ನೊಂದು ನಿಯಮವಿದ್ದಿತು. ಮೊದಲು ಪ್ರೇಷಕಕ್ಕೆ ವಿದ್ಯುತ್ತು ಕೊಟ್ಟು, ಆಮೇಲೆ ಕಾರಿಗೆ ಕೊಡಬೇಕು. ಆಟ ಮುಗಿದ ಮೇಲೆ ಮೊದಲು ಕಾರನ್ನು ಆರಿಸಿ, ಕೊನೆಗೆ ಪ್ರೇಷಕವನ್ನು ಆರಿಸಬೇಕು. ಎಚ್ಚತ್ತಿರುವ ಕಾರನ್ನು ಕೇಳುವವರಿಲ್ಲದಂತೆ ಬಿಡಬಾರದೆಂಬುದೇ ಇದರ ತಾತ್ಪರ್ಯ. ತಾತನು ಈ ನಿಯಮವನ್ನು ಹುಡುಗನಿಂದ ಮೂರು ಸಲ ಹೇಳಿಸಿದರು.

ಒಂದು ಭಾನುವಾರ ಬೆಳಗ್ಗೆ, ಮನೆಯಿಂದ ಎರಡು ಬೀದಿ ಆಚೆಗಿರುವ ಖಾಲಿ ನಿವೇಶನದಲ್ಲಿ ಕಾರನ್ನು ನೆಲಕ್ಕೆ ಇಳಿಸಿದರು. ಹುಡುಗನು ಕುದುರೆಯನ್ನು ಮೆಲ್ಲಗೆ ಒತ್ತಿದನು. ಕಾರು ಧೂಳೆಬ್ಬಿಸಿಕೊಂಡು ಮುಂದಕ್ಕೆ ಹಾರಿತು. ಬಲಕ್ಕೆ ತಿರುಗಿಸಿದರೆ ಬಲಕ್ಕೆ, ಎಡಕ್ಕೆ ತಿರುಗಿಸಿದರೆ ಎಡಕ್ಕೆ ಓಡಿತು. ನಿವೇಶನದ ಆ ತುದಿಯಲ್ಲಿ ಅದನ್ನು ಸುತ್ತಿಸಿ, ತನ್ನ ಕಡೆಗೆ ಬರಮಾಡಿಕೊಂಡನು. ದಾರಿಯಲ್ಲಿ ಒಂದು ಗಡಿಕಲ್ಲು. ಕಲ್ಲನ್ನು ತಪ್ಪಿಸುವುದಕ್ಕಾಗಿ ತನ್ನ ಬಲಕ್ಕೆ ಚಕ್ರವನ್ನು ತಿರುಗಿಸಿದನು. ಕಾರು ತನ್ನ ಬಲಕ್ಕೆ ತಿರುಗಿತು. ಎದುರಿಗೆ ಬರುವುದರ ಬಲವೆಂದರೆ ನಿಂತು ನೋಡುವವನ ಎಡ. ಗಂಟೆಗೆ 25 ಕಿಲೋಮೀಟರಿನ ವೇಗವೆಂದರೆ ಸೆಕೆಂಡಿಗೆ ಏಳು ಮೀಟರು, ಯೋಚನೆಗೆ ಅವಕಾಶವಿಲ್ಲ. ಕಾರು ನೆಟ್ಟಗೆ ಹೋಗಿ ಕಲ್ಲಿಗೆ ಬಡಿಯಿತು. ಮುಂದಿನ ಚಕ್ರವನ್ನು ಹಿಡಿದಿದ್ದ ತೋಳು ಮುರಿಯಿತು. ಒಂಬತ್ತು ಸಂಜೆಗಳ ಕೆಲಸಕ್ಕೆ ಎರಡು ನಿಮಿಷದ ಓಟ!

ಬದಲಿ ತೋಳು ಬರುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಆ ದಿನಗಳಲ್ಲಿ ತಾತನು ಯೋಚಿಸಿದುದು ಕಾರಿನ ವಿಷಯ ಮಾತ್ರವಲ್ಲ. ಕಠೋಪನಿಷತ್ತು ದೇಹವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಹೇಳಿದೆ. ಅಲ್ಲಿ ರಥಿಯೂ ಸಾರಥಿಯೂ ರಥದೊಳಗೇ ಇದ್ದಾರೆ. ಪಾರ್ಥನ ಸಾರಥಿಯಾದವನು ಶಿಬಿರದಲ್ಲಿ ಕುಳಿತು ಕುದುರೆಗಳನ್ನು ನಡೆಯಿಸಲಿಲ್ಲ. ಬಾಣಗಳು ಬೀಳುವ ಕಡೆಯಲ್ಲಿಯೇ ಕುಳಿತನು. ಗೊಂಬೆಯಾಟದವನು ಕೂಡ ಗೊಂಬೆಯ ಬೆನ್ನ ಹಿಂದೆ ನಿಲ್ಲುವವನಾದುದರಿಂದ ಅದರ ಬಲವೇ ಅವನ ಬಲ. ಎದುರಿಗೆ ನಿಂತು ನಡೆಯಿಸುವವನಿಗೆ ಮಾತ್ರ ಈ ತೊಡಕು. ಅವನು ದೇಹದಿಂದ ದೂರ ನಿಂತಿದ್ದರೂ ಮನಸ್ಸಿನಿಂದ ಹೋಗಿ ಆ ಪುಟ್ಟ ಆಸನದಲ್ಲಿ ಕುಳಿತುಕೊಳ್ಳಬೇಕು.

ಹೊಸ ತೋಳನ್ನು ಕೂಡಿಸಿದ ಮೇಲೆ ಹುಡುಗನು ಮೊದಲು ಕಾರಿಗೆ ಬೆನ್ನು ಮಾಡಿ, ಹೆಗಲ ಮೇಲಿಂದ ಅದನ್ನು ನೋಡುತ್ತ ಓಡಿಸಿದನು; ಹಾಗೆ ನಿಂತರೆ ಎರಡು ಬಲಗಳೂ ಒಂದಾಗುತ್ತವೆ. ಆಮೇಲೆ ಎದುರಾಗಿ ನಿಂತನು. ಎರಡು ಕಲ್ಲುಗಳ ಸುತ್ತ ಎಂಟರ ಅಂಕಿಯನ್ನು ಬರೆಯುವಂತೆ ಸುತ್ತಿಸುವುದನ್ನು ಒಂದು ತಿಂಗಳು ಅಭ್ಯಾಸ ಮಾಡಿದನು. ಕೊನೆಕೊನೆಗೆ ಅವನಿಗೆ ಎಡ ಬಲಗಳ ಲೆಕ್ಕವೇ ಬೇಡವಾಯಿತು. ಕಾರು ಬರುವಾಗ ಅವನ ಭುಜವು ತಾನಾಗಿ ಕಾರಿನ ಬಲಕ್ಕೆ ವಾಲುತ್ತಿದ್ದಿತು.

ಇತ್ತ ಮಸ್ಕತ್ತಿನಿಂದ ಪ್ರತಿರಾತ್ರಿ ಒಂಬತ್ತಕ್ಕೆ ತಂದೆಯ ಫೋನು ಬರುತ್ತಿದ್ದಿತು. ಆಗ ಅಲ್ಲಿ ಏಳೂವರೆ. ದಣಿದು ಬಂದಿದ್ದರೂ ಒಂದು ದಿನವಾದರೂ ತಪ್ಪಿಸಿದವರಲ್ಲ. ಗಣಿತದಲ್ಲಿ ಎಷ್ಟು ಬಂತು, ಇಂಗ್ಲಿಷಿನ ಪಾಠ ಆಯಿತೆ, ಬೆಳಗ್ಗೆ ಎಷ್ಟಕ್ಕೆ ಎದ್ದೆ, ಆಟ ಕಡಮೆ ಮಾಡು, ಇದೇ ಕ್ರಮ. ಹುಡುಗನ ಉತ್ತರವು “ಹೂಂ” ಎಂಬ ಒಂದೇ ಅಕ್ಷರ. ಮೊದಮೊದಲು ಎರಡು ಮೂರು ವಾಕ್ಯಗಳಾದರೂ ಇರುತ್ತಿದ್ದುವು. ಕಳೆದ ವರ್ಷದಲ್ಲಿ ಅವು ಕರಗಿ ಇಷ್ಟಾಗಿದ್ದುವು. ತಂದೆಯು ಇದನ್ನು ಅವಿಧೇಯತೆಯೆಂದು ಎಣಿಸಿದರು. ಹುಡುಗನನ್ನು ಬೇರೆ ಜಿಲ್ಲೆಯ ಒಂದು ವಸತಿಶಾಲೆಗೆ ಸೇರಿಸಬೇಕೆಂದು ತಾವೇ ನಿರ್ಧರಿಸಿ, ದಸರಾ ರಜಕ್ಕೆ ಬಂದಾಗ ಅರ್ಜಿಯ ಹಾಳೆಗಳನ್ನು ಚೀಲದಲ್ಲಿಯೇ ತಂದರು. ತಾಯಿ ಒಂದು ಮಾತನ್ನೂ ಆಡಲಿಲ್ಲ. ತಾತನು, “ಎರಡು ದಿನ ಕಳೆಯಲಿ, ಆಮೇಲೆ ಬರೆದರಾಯಿತು” ಎಂದರು.

ಎರಡನೆಯ ದಿನ ಸಂಜೆ ಎಲ್ಲರೂ ನಿವೇಶನಕ್ಕೆ ಹೋದರು. ಮಗನು ಕಾರನ್ನು ಓಡಿಸುವುದನ್ನು ಸ್ವಲ್ಪ ಹೊತ್ತು ನೋಡಿ, ಇಂಜಿನಿಯರಾದ ತಂದೆಯು, “ಇಲ್ಲಿ ಕೊಡು” ಎಂದು ಪ್ರೇಷಕವನ್ನು ತೆಗೆದುಕೊಂಡರು. ಹೋಗುವಾಗ ಚೆನ್ನಾಗಿಯೇ ಹೋಯಿತು. ತಿರುಗಿ ಬರುವಾಗ ದಾರಿಯಲ್ಲಿ ಮನೆ ಕಟ್ಟುವವರು ಹಾಕಿದ್ದ ಜಲ್ಲಿಯ ರಾಶಿ. ಅವರು ಬಲಕ್ಕೆ ತಿರುಗಿಸಿದರು; ಕಾರು ರಾಶಿಯ ಕಡೆಗೇ ಬಂದಿತು. ಗಾಬರಿಯಿಂದ ಇನ್ನೂ ಬಲಕ್ಕೆ ತಿರುಗಿಸಿದರು. ಕಾರು ರಾಶಿಯನ್ನು ಹತ್ತಿ ಮಗುಚಿಕೊಂಡು, ನಾಲ್ಕು ಚಕ್ರಗಳನ್ನೂ ಮೇಲೆ ಮಾಡಿ ಬಿದ್ದಿತು.

“ಹೇಳಿದ ಹಾಗೆ ಕೇಳೋದಿಲ್ಲವಲ್ಲೋ ಇದು!” ಎಂದರು ತಂದೆ.

ಹುಡುಗನು ಓಡಿಹೋಗಿ ಕಾರನ್ನು ಎತ್ತಿಕೊಂಡು ಬಂದು, ಧೂಳನ್ನು ಒರಸುತ್ತ, ತಲೆಯೆತ್ತದೆ ಹೇಳಿದನು: “ಹೇಳಿದ ಹಾಗೇ ಕೇಳಿತು ಅಪ್ಪ. ನೀವು ನಿಮ್ಮ ಬಲ ಹೇಳಿದಿರಿ, ಅದು ತನ್ನ ಬಲಕ್ಕೆ ಹೋಯಿತು. ನಮ್ಮ ಕಡೆಗೆ ಬರುವಾಗ ನಾವು ಅದರೊಳಗೆ ಕೂತಿದೀವಿ ಅಂದುಕೋಬೇಕು. ನಾನೂ ಮೊದಲು ಹೀಗೇ ಮಾಡಿ ಮುರಿದುಹಾಕಿದ್ದೆ.”

ಒಂದು ವರ್ಷದಲ್ಲಿ ಅವನು ತಂದೆಯೊಡನೆ ಆಡಿದ ಮಾತುಗಳಲ್ಲಿ ಇಷ್ಟು ಉದ್ದವಾದುದು ಬೇರೊಂದಿರಲಿಲ್ಲ. ತಂದೆಯು ಏನನ್ನೂ ಹೇಳಲಿಲ್ಲ. ಮತ್ತೆ ನಾಲ್ಕೈದು ಸಲ ಓಡಿಸಿ, ಎರಡು ಸಲ ಜಲ್ಲಿಗೆ ಹತ್ತಿಸಿ, ಮಗನಿಂದ ತಿದ್ದಿಸಿಕೊಂಡರು. ದಾರಿಯಲ್ಲಿ ಬರುವಾಗ ತಾತನು ಮಗನ ಪಕ್ಕದಲ್ಲಿ ನಡೆಯುತ್ತ, ಕೀಲುಗಳನ್ನು ಅದಲುಬದಲು ಮಾಡಿದ ತಮ್ಮ ತಪ್ಪನ್ನು ಹೇಳಿ ನಕ್ಕರು. ಉಪದೇಶವನ್ನೇನೂ ಮಾಡಲಿಲ್ಲ.

ಆ ರಾತ್ರಿ ಊಟವಾದ ಮೇಲೆ ತಂದೆಯು ಮಗನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, “ಆ ಶಾಲೆಯ ವಿಚಾರ ನಿನಗೆ ಹೇಗೆ ಕಾಣುತ್ತೆ?” ಎಂದು ಕೇಳಿದರು. ನಿರ್ಧಾರವಾಗಿ ಮೂರು ತಿಂಗಳಾಗಿದ್ದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹುಡುಗನು ಕೂಡಲೆ ಉತ್ತರ ಕೊಡಲಿಲ್ಲ. ಮರುದಿನ ಬೆಳಗ್ಗೆ ತಾನೇ ಬಂದು, “ಹತ್ತನೆಯ ಕ್ಲಾಸು ಮುಗಿದ ಮೇಲೆ ಹೋಗ್ತೀನಿ ಅಪ್ಪ. ಈಗ ತಾತನಿಗೆ ಸಣ್ಣದು ಯಾವುದನ್ನೂ ಹಿಡಿಯೋಕಾಗೋದಿಲ್ಲ. ಮಾತ್ರೆ ಬಿಡಿಸಿಕೊಡೋದೂ ನಾನೇ” ಎಂದನು. ಪತ್ರಿಕೆಯನ್ನು ಓದುತ್ತಿದ್ದ ತಾತನು ಅದನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು.

ಅರ್ಜಿಯ ಹಾಳೆಗಳು ತುಂಬದೆಯೇ ಮಸ್ಕತ್ತಿಗೆ ಹಿಂದಿರುಗಿದುವು. ಯಾರೂ ಅವನ್ನು ಹರಿಯಲಿಲ್ಲ, ಮುಂದೆ ಬೇಕಾದೀತು. ಒಂಬತ್ತು ಗಂಟೆಯ ಫೋನು ಈಗಲೂ ಬರುತ್ತದೆ. “ಇವತ್ತು ಅಲ್ಲಿ ಏನು ಸಮಾಚಾರ?” ಎಂಬುದು ಮೊದಲ ಮಾತು, ಗಣಿತವು ಆಮೇಲೆ. ಕೆಲವು ದಿನ ತಂದೆಯು ಮರೆತು ಹಳೆಯ ಕ್ರಮಕ್ಕೇ ಬೀಳುವುದುಂಟು. ಆಗ ಹುಡುಗನು, “ಅಪ್ಪ, ಜಲ್ಲಿ, ಜಲ್ಲಿ” ಎನ್ನುತ್ತಾನೆ. ಆ ಕಡೆಯಿಂದ ನಗು ಕೇಳಿಸುತ್ತದೆ.

ಸಂಜೆ ಆಟ ಮುಗಿದ ಮೇಲೆ ಹುಡುಗನು ಮೊದಲು ಕಾರನ್ನು ಆರಿಸಿ, ಆಮೇಲೆ ಪ್ರೇಷಕವನ್ನು ಆರಿಸುತ್ತಾನೆ. ತಾತನು ಗಡಿಯಾರದ ಹಳೆಯ ಕುಂಚವನ್ನು ಎರಡು ಕೈಗಳಿಂದಲೂ ಹಿಡಿದು, ಹಲ್ಲುಚಕ್ರಗಳ ಮೇಲಿನ ಧೂಳನ್ನು ನಿಧಾನವಾಗಿ ತೆಗೆಯುತ್ತಾರೆ. ಕುಂಚವು ನಡುಗಿದರೆ ಧೂಳು ಇನ್ನೂ ಚೆನ್ನಾಗಿ ಹೋಗುತ್ತದೆಂದು ಅವರೇ ಹೇಳುತ್ತಾರೆ.